ಹಿತ್ತಲಿನ ಸಾಮಾನು ಶೆಡ್ಡು ಮಲೆನಾಡಿನ ಮಳೆಗೆ ತಕ್ಕಂತಿರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರ ಬಂತೆಂದರೆ ಮಲೆನಾಡಿನ ಪೇಟೆಗಳಲ್ಲಿ ತಗಡಿನ ಸಿದ್ಧ ಶೆಡ್ಡುಗಳನ್ನು ವಿಚಾರಿಸುವವರು ಹೆಚ್ಚುತ್ತಾರೆ. ಗುದ್ದಲಿ, ಹಾರೆ, ಗೊಬ್ಬರ, ಪೈಪು ಇಡಲು ಹಿತ್ತಲಲ್ಲೊಂದು ಗೂಡು ಬೇಕೆಂದು ಹೋದವರು ಬಣ್ಣ, ಬೆಲೆ ನೋಡಿ ಒಪ್ಪಿಬಿಡುತ್ತಾರೆ. ತಗಡು ಎಷ್ಟು ದಪ್ಪ, ಮಾಡಿಗೆ ಎಷ್ಟು ಇಳಿಜಾರು, ಒಳಗೆ ಗಾಳಿ ಎಲ್ಲಿಂದ ಆಡುತ್ತದೆ ಎಂದು ಕೇಳುವವರು ಕಡಿಮೆ. ಬಯಲುಸೀಮೆಗೆ ಸರಿಹೋಗುವ ಪೆಟ್ಟಿಗೆಯನ್ನೇ ತಂದು ತೀರ್ಥಹಳ್ಳಿ, ಹೊಸನಗರದ ಕಡೆಯ ಹಿತ್ತಲಲ್ಲಿ ನಿಲ್ಲಿಸಿದರೆ ಬಹಳ ದಿನ ಬಾಳುವುದಿಲ್ಲ.

ಮೊದಲು ಅಳತೆ. ಇಡಬೇಕಾದ ಸಾಮಾನನ್ನೆಲ್ಲ ಅಂಗಳದಲ್ಲಿ ಹರವಿ, ನಡುವೆ ಒಬ್ಬರು ನಿಂತು ಬಗ್ಗುವಷ್ಟು ಜಾಗ ಬಿಟ್ಟು, ಸುತ್ತ ಸುಣ್ಣದ ಗೆರೆ ಎಳೆದು ನೋಡಿ. ಮನೆಬಳಕೆಯ ಹಿತ್ತಲಿಗೆ 6 ಅಡಿ ಅಗಲ, 8 ಅಡಿ ಉದ್ದ ಸಾಮಾನ್ಯವಾಗಿ ಸಾಕು. ಬಾಗಿಲು ಮಾತ್ರ 3 ಅಡಿಗೆ ಕಡಿಮೆ ಬೇಡ. ಎರಡಡಿ ಬಾಗಿಲಲ್ಲಿ ಕೈಗಾಡಿ ತೂರುವುದಿಲ್ಲ, ಕೊನೆಗೆ ಅದು ಹೊರಗೇ ನೆನೆಯುತ್ತದೆ. ಮುಂಗಾರು ನೈಋತ್ಯದಿಂದ ಹೊಡೆಯುವುದರಿಂದ ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಲಿ.

ನೆಲವನ್ನು ಅಂಗಳಕ್ಕಿಂತ ಒಂದಡಿ ಎತ್ತರಿಸಬೇಕು. 4 ಇಂಚು ಜಲ್ಲಿ ದಮ್ಮಸು ಮಾಡಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ 4 ಇಂಚು ಕಾಂಕ್ರೀಟು ಹಾಕಿಸಿ. ಹಾಳೆ ಇಲ್ಲದಿದ್ದರೆ ಜುಲೈ ಹೊತ್ತಿಗೆ ಥಂಡಿ ನೆಲದಿಂದಲೇ ಏರುತ್ತದೆ. ನೆಲ ಬಾಗಿಲ ಕಡೆಗೆ ಅರ್ಧ ಇಂಚು ವಾಲಿರಲಿ. ಕಬ್ಬಿಣದ ಕಂಬಗಳನ್ನು ಒಂದೂವರೆ ಅಡಿ ಆಳದ ಗುಂಡಿಯಲ್ಲಿ ಕಾಂಕ್ರೀಟು ತುಂಬಿ ನಿಲ್ಲಿಸಬೇಕು. ಸಿದ್ಧ ಶೆಡ್ಡನ್ನು ಬರೀ ನೆಲದ ಮೇಲಿಟ್ಟು ಹೋಗುತ್ತಾರೆ, ಜೋರು ಗಾಳಿಗೆ ಮಗುಚುವುದು ಅಂಥವೇ.

ಹೆಚ್ಚು ತಪ್ಪಾಗುವುದು ಮಾಡಿನಲ್ಲಿ. 6 ಅಡಿ ಅಗಲಕ್ಕೆ ಒಂದು ಬದಿ ಆರೂವರೆ ಅಡಿ ಎತ್ತರವಿದ್ದರೆ ಇನ್ನೊಂದು ಬದಿ ಎಂಟೂವರೆ ಇರಲಿ. ಅಂದರೆ ಮೂರಡಿಗೆ ಒಂದಡಿ ಇಳಿಜಾರು. ಚಪ್ಪಟೆ ಮಾಡಿನಲ್ಲಿ ಎಲೆ, ಪಾಚಿ ನಿಂತು ತಗಡು ಕೂಡುವಲ್ಲಿ ನೀರು ಹಿಂದಕ್ಕೆ ನುಗ್ಗುತ್ತದೆ. ಇರಚಲು ತಡೆಯಲು ಸೂರು ಒಂದೂವರೆ ಅಡಿ ಹೊರಚಾಚಬೇಕು. ಅದಕ್ಕಿಂತ ಹೆಚ್ಚಾದರೆ ಗಾಳಿ ಕೆಳಗಿನಿಂದ ಎತ್ತುತ್ತದೆ. ತಗಡು 0.47 ಮಿ.ಮೀ.ಗಿಂತ ತೆಳು ಬೇಡ. ಆ ಅಳತೆ ಬಣ್ಣ ಸೇರಿಸಿಯೋ ಬಿಟ್ಟೋ ಎಂಬುದನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸಿಮೆಂಟು ಶೀಟು ಅಗ್ಗವೆಂದು ಕಲ್ನಾರಿನದನ್ನು ಒಯ್ಯಬೇಡಿ, ಕೊರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ವಿಷ.

ಸ್ಕ್ರೂಗಳನ್ನು ಒಂದೊಂದಾಗಿ ನೋಡಿ. ನೀರು ಹರಿಯುವುದು ತಗಡಿನ ತಗ್ಗಿನಲ್ಲಿ, ಆದ್ದರಿಂದ ಮಾಡಿನ ಸ್ಕ್ರೂ ಉಬ್ಬಿನ ಮೇಲೆಯೇ ಇಳಿಯಬೇಕು. ಅದರ ತಲೆಯಡಿಯ ಕಪ್ಪು ರಬ್ಬರ್ ವಾಷರ್ ಸ್ವಲ್ಪವೇ ಒತ್ತಿಕೊಂಡಿರಬೇಕು. ಕೆಲಸದವರು ಮಷೀನನ್ನು ಪೂರಾ ಒತ್ತಿಬಿಟ್ಟರೆ ರಬ್ಬರು ಹೊರಕ್ಕೆ ಹಿಗ್ಗಿ, ಬಿಸಿಲಿಗೆ ಸೀಳುತ್ತದೆ. ಆಮೇಲೆ ನೀರು ಸ್ಕ್ರೂ ಹಿಡಿದೇ ಇಳಿದು ಕೆಳಗಿರುವ ಯೂರಿಯಾ ಚೀಲದ ಮೇಲೆ ತೊಟ್ಟಿಕ್ಕುತ್ತದೆ.

ಸೋರದಿದ್ದರೂ ತಗಡು ಬೆವರುತ್ತದೆ. ಒಳಗಿನ ಹಸಿ ಗಾಳಿ ರಾತ್ರಿ ತಣ್ಣಗಾದ ತಗಡಿಗೆ ತಾಗಿ ಹನಿಯಾಗುತ್ತದೆ. ಇದಕ್ಕೆ ಎದುರುಬದುರು ಗೋಡೆಗಳಲ್ಲಿ ಸೂರಿನ ಕೆಳಗೆ ಅರ್ಧ ಅಡಿ ಕಂಡಿ ಬಿಟ್ಟು, ಅದಕ್ಕೆ ಕಾಲು ಇಂಚಿನ ಕಣ್ಣಿನ ತಂತಿಜಾಲರಿ ಬಡಿಸಿ. ಇಲಿ ಬರುವುದಿಲ್ಲ, ಇಲಿಯ ಬೆನ್ನಿಗೆ ಬರುವ ಹಾವೂ ಕಡಿಮೆ. ಬಾಗಿಲ ಕೆಳಗಿನ ಸಂದನ್ನೂ ರಬ್ಬರ್ ಪಟ್ಟಿಯಿಂದ ಮುಚ್ಚಿಸಿ.

ಒಳಗೆ ಇಡುವ ಕ್ರಮವೂ ಶೆಡ್ಡಿನ ಆಯುಷ್ಯ ನಿರ್ಧರಿಸುತ್ತದೆ. ಗೊಬ್ಬರದ ಚೀಲ ನೆಲದಿಂದ 4 ಇಂಚು ಮೇಲೆ ಹಲಗೆಯ ಮೇಲಿರಲಿ, ಗೋಡೆಗೆ ತಾಗದಿರಲಿ. ಯೂರಿಯಾ ಥಂಡಿ ಹೀರಿ ಕಲ್ಲಾಗುತ್ತದೆ. ಪೊಟ್ಯಾಷ್ ಉಪ್ಪಿನ ಜಾತಿಯದು, ಚೆಲ್ಲಿದಲ್ಲಿ ತಗಡು ತುಕ್ಕು ಹಿಡಿಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮನೆಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಶೇ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ. ಮೈಲುತುತ್ತ ಕಬ್ಬಿಣವನ್ನೂ ತಗಡನ್ನೂ ತಿನ್ನುತ್ತದೆ, ಅದು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇರಬೇಕು. ಸುಟ್ಟ ಸುಣ್ಣಕ್ಕೆ ನೀರು ತಾಗಿದರೆ ಕುದಿಯುವಷ್ಟು ಕಾವು ಏಳುತ್ತದೆ. ಗೋಣಿ, ಪೆಟ್ರೋಲ್ ಕ್ಯಾನು, ಒಣ ಸೋಗೆ ಅದರ ಹತ್ತಿರ ಸುಳಿಯಲೇಬಾರದು. ಕೀಟನಾಶಕಕ್ಕೆ ಬೀಗವಿರುವ ಬೇರೆ ಪೆಟ್ಟಿಗೆ ಬೇಕು. ಬಿತ್ತನೆ ಬೀಜವನ್ನು ಶೆಡ್ಡಿನಲ್ಲಿ ಇಡಲೇಬೇಡಿ, ಏಪ್ರಿಲ್ ಬಿಸಿಲಿನ ತಗಡಿನಡಿ ಮೊಳಕೆಯ ಶಕ್ತಿ ಹೋಗುತ್ತದೆ.

ದಪ್ಪ, ಇಳಿಜಾರು, ಗಾಳಿಕಂಡಿ ಈ ಮೂರನ್ನೂ ಮಾರುವವರು ಬರವಣಿಗೆಯಲ್ಲಿ ಕೊಡುವಂತಾಗಬೇಕು. ಪತ್ರಿಕೆಯ ಕೃಷಿ ಪುಟ ಇದನ್ನು ಮೇ ತಿಂಗಳೊಳಗೆ ಪ್ರಸ್ತಾಪಿಸಿದರೆ ಹಲವರ ದುಡ್ಡು ಉಳಿಯುತ್ತದೆ. ಇನ್ನೊಂದು ಮಾತು: ದನ ಇಲ್ಲದೆ ಖಾಲಿ ಬಿದ್ದ ಹಂಚಿನ ಕೊಟ್ಟಿಗೆ ಇದ್ದವರು ಹೊಸ ಪೆಟ್ಟಿಗೆ ಕೊಳ್ಳುವ ಮೊದಲು ಅದರ ಮಾಡು ಹತ್ತಿ ನೋಡಲಿ. ಹಂಚಿನ ಸಂದಿನಲ್ಲಿ ಗಾಳಿ ಆಡುವುದರಿಂದ ತಗಡಿನಂತೆ ಹನಿ ಕಟ್ಟುವುದಿಲ್ಲ. ಒಡೆದ ಹಂಚು, ಗೆದ್ದಲು ತಿಂದ ರೀಪು ಬದಲಿಸಿ, ಒಂದು ಮೂಲೆಗೆ ಕಾಂಕ್ರೀಟು ಹಾಕಿಸಿದರೆ ಅದೇ ಸಾಕಾಗುತ್ತದೆ.

ಇತಿ,
ಓರ್ವ ಓದುಗ, ತೀರ್ಥಹಳ್ಳಿ ತಾಲ್ಲೂಕು