ಉಡ್ಡಯನ ಕೇಂದ್ರ: ಕಡಲತೀರಕ್ಕೂ ನಿಯಮ ಇರಲಿ

ಮಾನ್ಯರೇ,

ತಮಿಳುನಾಡಿನ ಕುಲಶೇಖರಪಟ್ಟಣದ ಹೊಸ ಇಸ್ರೊ ಉಡಾವಣಾ ಕೇಂದ್ರದಿಂದ ಖಾಸಗಿ ರಾಕೆಟ್‌ಗಳೂ ಹಾರುವ ಮೊದಲೇ, ಅಲ್ಲಿನ ಕಡಲತೀರವನ್ನು ಯಾವಾಗ, ಎಷ್ಟು ಹೊತ್ತು ಮುಚ್ಚಬಹುದು ಎಂಬುದು ಕಾನೂನಿನಲ್ಲಿ ಬರಬೇಕು.

2024ರ ಫೆಬ್ರುವರಿಯಲ್ಲಿ ಈ ಕೇಂದ್ರಕ್ಕೆ ಶಂಕುಸ್ಥಾಪನೆಯಾಯಿತು. ಖಾಸಗಿ ಉಡಾವಣೆಗೆ ಅನುಮತಿ ಕೊಡುವುದು ಕೇಂದ್ರ ಸರ್ಕಾರದ ಇನ್‌-ಸ್ಪೇಸ್ ಸಂಸ್ಥೆ. 2023ರಲ್ಲಿ ಬಾಹ್ಯಾಕಾಶ ನೀತಿಯೇನೋ ಬಂತು. ಆದರೆ ನೀತಿ ಬೇರೆ, ಕಾನೂನು ಬೇರೆ ಅಲ್ವಾ? 2017ರ ಬಾಹ್ಯಾಕಾಶ ಚಟುವಟಿಕೆಗಳ ಕರಡು ಮಸೂದೆ ಕರಡಾಗಿಯೇ ಉಳಿಯಿತು.

ಅಮೆರಿಕದ ಟೆಕ್ಸಾಸ್ ನೋಡಿ. ಕಡಲತೀರಕ್ಕೆ ಹೋಗುವ ಜನರ ಹಕ್ಕನ್ನು 2009ರಲ್ಲಿ ಆ ರಾಜ್ಯ ತನ್ನ ಸಂವಿಧಾನಕ್ಕೇ ಸೇರಿಸಿತು. ನಾಲ್ಕೇ ವರ್ಷದಲ್ಲಿ, ಉಡಾವಣೆಗಾಗಿ ತೀರ ಮುಚ್ಚಲು ಅವಕಾಶ ಕೊಡುವ ಕಾನೂನನ್ನೂ ಮಾಡಿತು. ಅಲ್ಲಿನ ಬೋಕಾ ಚಿಕಾ ತೀರದಲ್ಲಿ ರಾಕೆಟ್ ಕಂಪನಿ ಸ್ಪೇಸ್‌ಎಕ್ಸ್ ಕೆಲಸ ಜಾಸ್ತಿಯಾದಂತೆ ತೀರ ಮುಚ್ಚುವ ವಿಷಯ ಕೋರ್ಟ್ ಮೆಟ್ಟಿಲೇರಿತು. ಅಲ್ಲಿ ತೀರ ಮುಚ್ಚಲು ವರ್ಷಕ್ಕೆ 500 ಗಂಟೆ ಎಂಬ ಮಿತಿಯಾದರೂ ಲೆಕ್ಕಕ್ಕೆ ಸಿಗುತ್ತದೆ.

ರಾಕೆಟ್ ಹಾರುವಾಗ ಜನರನ್ನು ದೂರ ಇಡಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಉಡಾವಣೆ ಮುಂದಕ್ಕೆ ಹೋದಾಗಲೆಲ್ಲ ಮೀನುಗಾರರ ಆ ದಿನದ ದುಡಿಮೆಯೂ ಹೋಗುತ್ತದೆ. ಮೇಲಾಗಿ ಕುಲಶೇಖರಪಟ್ಟಣದ ದಸರಾ ನಮ್ಮ ಮೈಸೂರು ದಸರಾದ ನಂತರದ ದೊಡ್ಡ ದಸರಾ ಎಂದು ಹೆಸರು ಮಾಡಿದೆ.

ವರ್ಷಕ್ಕೆ ಇಷ್ಟೇ ಗಂಟೆ ಎಂಬ ಮಿತಿ, ತಮಿಳಿನಲ್ಲಿ ಮುಂಚಿತ ಸೂಚನೆ, ಹಬ್ಬದ ದಿನಗಳಿಗೆ ವಿನಾಯಿತಿ, ಕೆಲಸ ಕಳೆದುಕೊಂಡ ದಿನಕ್ಕೆ ಉಡಾವಣೆ ಮಾಡುವ ಕಂಪನಿಯಿಂದಲೇ ಪರಿಹಾರ: ಇವನ್ನು ಕೇಂದ್ರ ಸರ್ಕಾರ ಮುಂದೆ ತರುವ ಬಾಹ್ಯಾಕಾಶ ಕಾನೂನಿನಲ್ಲೇ ಸೇರಿಸಲಿ.

– ಓದುಗ, ಬೆಂಗಳೂರು