ಎಂಟು ಗಂಟೆವರೆಗೆ ಮೈದಾನ ಕೊಡಿ

ಮಾನ್ಯರೇ,

ನಿವೃತ್ತಿಯಾದ ಮೇಲೆ ನನಗೆ ರಿಮೋಟ್ ವಿಮಾನ ಹಾರಿಸುವ ಹುಚ್ಚು ಹತ್ತಿದೆ. ಮೊದಲ ಫೋಮ್ ವಿಮಾನ ಮೂರನೇ ದಿನವೇ ತೆಂಗಿನ ಮರ ಏರಿತು. ಇಳಿಸಿಕೊಟ್ಟದ್ದು ಕಾಯಿ ಕೀಳುವವರು. ವಿಮಾನ ದೂರ ಹೋಗುವಾಗ ಸಲೀಸು, ನಮ್ಮತ್ತ ತಿರುಗಿತೋ ಎಡಬಲ ಅದಲುಬದಲು! ಆಗ ಯಾವ ರೆಕ್ಕೆ ಕೆಳಗೆ ಬಾಗಿದೆಯೋ ರಿಮೋಟಿನ ಸ್ಟಿಕ್ಕನ್ನು ಅತ್ತಲೇ ತಳ್ಳಬೇಕು. ಇಷ್ಟು ಕಲಿಯಲು ಎರಡು ಪ್ರೊಪೆಲರ್ ಮುರಿದವು. ಈಗ ಮೊದಲು ಸಿಮ್ಯುಲೇಟರಿನಲ್ಲಿ (ಕಂಪ್ಯೂಟರಿನ ಹಾರಾಟದ ಆಟ) ಬೀಳಿಸುತ್ತೇನೆ, ಖರ್ಚಿಲ್ಲ.

2021ರ ಡ್ರೋನ್ ನಿಯಮಗಳ ಪ್ರಕಾರ ಮಾದರಿ ವಿಮಾನ ಹಾರಬೇಕಾದದ್ದು ಕಣ್ಣಳತೆಯಲ್ಲೇ. ನಮ್ಮ ಬಡಾವಣೆಯಲ್ಲಿ ಕಣ್ಣಳತೆಯಲ್ಲಿರುವುದು ಬರೀ ವಿದ್ಯುತ್ ತಂತಿ. ಭಾನುವಾರ ಬೆಳಿಗ್ಗೆ, ಗಾಳಿ ಏಳುವ ಮುನ್ನ, ಎಂಟು ಗಂಟೆವರೆಗೆ ತಾಲ್ಲೂಕು ಮೈದಾನವನ್ನು ನಮ್ಮಂಥವರಿಗೂ ಬಿಡಲಿ. ಕ್ರಿಕೆಟ್ ಹುಡುಗರು ಬರುವಷ್ಟರಲ್ಲಿ ಗಂಟುಮೂಟೆ ಕಟ್ಟಿರುತ್ತೇವೆ.

— ನಿವೃತ್ತ ಗಣಿತ ಮೇಷ್ಟ್ರು, ತಿಪಟೂರು