ಕ್ಯೂಟಿ ಪರವಾನಗಿ: ಭಾನುವಾರದ ಸಭೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 11ಕ್ಕೆ ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ನಮ್ಮ ಎಂದಿನ ಕೊಠಡಿಯಲ್ಲಿ ಸೇರೋಣ. ಕ್ಯೂಟಿ (Qt: ತಂತ್ರಾಂಶದ ಕಿಟಕಿ, ಗುಂಡಿ ಮುಂತಾದವನ್ನು ಕಟ್ಟುವ ಸಿದ್ಧ ಸಲಕರಣೆ) ಬಳಸಿ ತಂತ್ರಾಂಶ ಬರೆದು ಹಂಚುವವರೆಲ್ಲರೂ ತಪ್ಪದೆ ಬನ್ನಿ.

ಕ್ಯೂಟಿಯ ಹೆಚ್ಚಿನ ಭಾಗ ಎಲ್‌ಜಿಪಿಎಲ್ ಅಡಿಯಲ್ಲಿ, ಅಂದರೆ ನಮ್ಮ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಕೊಡದೆಯೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ, ಸಿಗುತ್ತದೆ. ಆದರೆ ತೊಗರಿ ದರದ ಏರಿಳಿತ ತೋರಿಸಲು ನಾವು ಬಳಸಿದ ಕ್ಯೂಟಿ ಚಾರ್ಟ್ಸ್ (ನಕ್ಷೆ ಬಿಡಿಸುವ ಮಾಡ್ಯೂಲ್, ಅಂದರೆ ಕ್ಯೂಟಿಯ ಒಂದು ಭಾಗ) ಉಚಿತವಾಗಿ ಸಿಗುವುದು ಜಿಪಿಎಲ್ 3 ಎಂಬ ಇನ್ನೂ ಬಿಗಿಯಾದ ಮುಕ್ತ ಪರವಾನಗಿಯಲ್ಲಿ ಮಾತ್ರ. ಆ ತಂತ್ರಾಂಶವನ್ನು ವರ್ತಕರಿಗೆ ಕೊಟ್ಟರೆ ನಮ್ಮ ಮೂಲ ಸಂಕೇತವನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಧಾರಾಳವಾಗಿ ಕೊಡೋಣ ಎಂಬುದೇ ನನ್ನ ಅಭಿಪ್ರಾಯ.

ಮುಂದೆ ಕ್ಯೂಟಿಯ ಗತಿ ಏನೆಂದು ಹಲವರು ಕೇಳಿದ್ದೀರಿ. 1998ರಲ್ಲಿ ಸ್ಥಾಪನೆಯಾದ ಕೆಡಿಇ ಫ್ರೀ ಕ್ಯೂಟಿ ಫೌಂಡೇಶನ್ (ಕೆಡಿಇ ಎಂದರೆ ಕ್ಯೂಟಿ ಬಳಸುವ ಮುಕ್ತ ತಂತ್ರಾಂಶ ಸಮುದಾಯ) ಜೊತೆ ಕ್ಯೂಟಿ ತಯಾರಿಸುವ ಕಂಪನಿಗೆ ಒಪ್ಪಂದವಿದೆ: ಮುಕ್ತ ಆವೃತ್ತಿ ನಿಂತರೆ ಫೌಂಡೇಶನ್ ಅದನ್ನು ಬಿಎಸ್‌ಡಿ ಮಾದರಿಯ, ಷರತ್ತುಗಳು ತೀರಾ ಕಡಿಮೆ ಇರುವ ಪರವಾನಗಿಯಲ್ಲಿ ಬಿಡುಗಡೆ ಮಾಡಬಹುದು.

ನೀವು ಬಳಸುವ ಮಾಡ್ಯೂಲ್‌ಗಳ ಪಟ್ಟಿ ತನ್ನಿ. ಬೀದರ್, ಯಾದಗಿರಿಯಿಂದ ಬರುವವರು ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಿ, ಊಟಕ್ಕೆ ಹೇಳಬೇಕು.